ಕರೆಂಟು ನಮ್ಮೂರಿಗೆ ಬರುವ ದಾರಿ

ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ. ಇದು ನಮಗೆಲ್ಲ ಗೊತ್ತು. ಆದರೆ ಆ ಕರೆಂಟು ಎಲ್ಲಿಂದ ಬಂತು? ಯಾವ ದಾರಿಯಲ್ಲಿ ಬಂತು? ದಾರಿಯಲ್ಲಿ ಅದನ್ನು ಕಾಯುವವರು ಯಾರು?

ಅಕ್ಕಂದಿರೇ, ತ್ರಾಸಿ, ಮರವಂತೆ, ಗಂಗೊಳ್ಳಿ ಕಡೆ ಮಳೆಗಾಲ ಬಂತೆಂದರೆ ಈ ಮಾತು ಬಂದೇ ಬರುತ್ತದೆ.

"ವಾರಾಹಿ ನಮ್ಮ ಬದಿಯಲ್ಲೇ ಇತ್ತಲ್ದಾ? ಅಲ್ಲಿ ಅಷ್ಟ್ ಕರೆಂಟ್ ಮಾಡ್ತ್ರ್. ಮತ್ತೆ ನಮ್ಮನಿ ದೀಪ ಎಂತಕ್ಕೆ ಹೋತ್ತ್?"

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ತಿಳಿಯಬೇಕಾದರೆ ಕರೆಂಟು ಬರುವ ದಾರಿಯಲ್ಲಿ ನಾವೂ ಒಮ್ಮೆ ನಡೆದು ಬರಬೇಕು. ಆ ದಾರಿಯ ನಡುವೆ ಒಂದು ದೊಡ್ಡ ಜಾಗವಿದೆ. ಅದರ ಹೆಸರು ಸಬ್ ಸ್ಟೇಷನ್. ಕನ್ನಡದಲ್ಲಿ ವಿದ್ಯುತ್ ಉಪಕೇಂದ್ರ ಎಂದು ಬರೆಯುತ್ತಾರೆ. ಬನ್ನಿ, ನೋಡೋಣ.

ಕರೆಂಟು ಹುಟ್ಟುವ ಜಾಗ

ಕುಂದಾಪುರ ಸೀಮೆಯಲ್ಲಿ ಹೊಸಂಗಡಿ ಎಂಬ ಊರಿದೆ. ಘಟ್ಟದ ಬುಡದ ಊರು. ಅಲ್ಲಿ ಗುಡ್ಡದ ಹೊಟ್ಟೆಯೊಳಗೆ, ನೆಲದ ಅಡಿಯಲ್ಲಿ ಒಂದು ವಿದ್ಯುದಾಗಾರವಿದೆ. ಅದೇ ವಾರಾಹಿ ಭೂಗರ್ಭ ವಿದ್ಯುದಾಗಾರ.

ಘಟ್ಟದ ಮೇಲೆ, ಹೊಸನಗರ ತಾಲೂಕಿನಲ್ಲಿ ಮಾಣಿ ಅಣೆಕಟ್ಟು ಇದೆ. ಅಲ್ಲಿ ವಾರಾಹಿ ನದಿಯ ನೀರನ್ನು ನಿಲ್ಲಿಸಿದ್ದಾರೆ. ಆ ನೀರನ್ನು ಸುರಂಗದಲ್ಲಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಬಿಡುತ್ತಾರೆ. ಎತ್ತರದಿಂದ ಬೀಳುವ ನೀರಿಗೆ ಬಹಳ ರಭಸ. ಅದು ದೊಡ್ಡ ಚಕ್ರಗಳನ್ನು ತಿರುಗಿಸುತ್ತದೆ. ಚಕ್ರ ತಿರುಗಿದರೆ ಅದಕ್ಕೆ ಕೂಡಿಸಿದ ಜನರೇಟರ್ ತಿರುಗುತ್ತದೆ. ಆಗ ಕರೆಂಟು ಹುಟ್ಟುತ್ತದೆ.

ವಾರಾಹಿಯಲ್ಲಿ ಮೊದಲ ಯಂತ್ರ ಶುರುವಾದದ್ದು 1989ರಲ್ಲಿ. 2009ರಲ್ಲಿ ಇನ್ನೆರಡು ಯಂತ್ರ ಸೇರಿದವು. ಈಗ ಒಟ್ಟು 4 ಯಂತ್ರಗಳಿವೆ. ನಾಲ್ಕೂ ಪೂರ್ತಿಯಾಗಿ ತಿರುಗಿದರೆ 460 ಮೆಗಾವ್ಯಾಟ್ ಕರೆಂಟು. ಹಾಗೆಂದರೆ ಎಷ್ಟು? 10 ವ್ಯಾಟಿನ ಎಲ್ಇಡಿ ಬಲ್ಬು ನಿಮ್ಮ ಮನೆಯಲ್ಲಿರಬಹುದು. ಅಂಥ 4 ಕೋಟಿ 60 ಲಕ್ಷ ಬಲ್ಬುಗಳನ್ನು ಒಟ್ಟಿಗೆ ಉರಿಸುವಷ್ಟು.

ಚಕ್ರ ತಿರುಗಿಸಿದ ನೀರು ಖರ್ಚಾಗಿ ಹೋಗುವುದಿಲ್ಲ. ಅದು ಮತ್ತೆ ಹೊಳೆ ಸೇರುತ್ತದೆ. ಗಂಗೊಳ್ಳಿಯ ಹತ್ತಿರ ಐದು ಹೊಳೆ ಕೂಡಿ ಸಮುದ್ರಕ್ಕೆ ಹೋಗುತ್ತವಲ್ಲ, ಅದರಲ್ಲಿ ವಾರಾಹಿಯೂ ಒಂದು. ಹಾಗಾಗಿ ಕರೆಂಟು ಮಾಡಿದ ನೀರು ನಮ್ಮ ಕಣ್ಣೆದುರೇ ಕಡಲಿಗೆ ಹೋಗುತ್ತದೆ.

ಈ ಕರೆಂಟು ಸುಮ್ಮನೆ ಸಿಕ್ಕಿದ್ದಲ್ಲ ಎಂಬುದನ್ನೂ ಮರೆಯಬಾರದು. ಮಲೆನಾಡಿನಲ್ಲಿ ಅಣೆಕಟ್ಟು ಕಟ್ಟಿದಾಗ ಎಷ್ಟೋ ಮನೆ, ಗದ್ದೆ, ತೋಟ ನೀರಿನಲ್ಲಿ ಮುಳುಗಿದವು. ಎಷ್ಟೋ ಸಂಸಾರಗಳು ಊರು ಬಿಟ್ಟವು. ನಮ್ಮ ದೀಪದಲ್ಲಿ ಅವರ ಪಾಲೂ ಇದೆ.

ನೀರು ನಮ್ಮ ಊರಿಗೆ ತಾನೇ ಹರಿದು ಬಂತು. ಕರೆಂಟು ಹೇಗೆ ಬರುತ್ತದೆ?

ನೋಟು ಮತ್ತು ಚಿಲ್ಲರೆ

ಒಂದು ಉದಾಹರಣೆ ನೋಡಿ.

ನಿಮ್ಮ ಕೈಯಲ್ಲಿ 1000 ರೂಪಾಯಿ ಇದೆ. ಅದನ್ನು ದೂರದ ಊರಿಗೆ ಒಯ್ಯಬೇಕು. ಎಲ್ಲವೂ 1 ರೂಪಾಯಿಯ ನಾಣ್ಯವಾದರೆ? 1000 ನಾಣ್ಯ. ಚೀಲ ಭಾರ. ಚೀಲ ಹರಿದೀತು. ದಾರಿಯಲ್ಲಿ ಒಂದಷ್ಟು ಬಿದ್ದುಹೋದೀತು. ಅದೇ 500ರ 2 ನೋಟಾದರೆ? ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗಬಹುದು. ಹಣ ಅಷ್ಟೇ. ಹೊರೆ ಮಾತ್ರ ಕಡಿಮೆ.

ಕರೆಂಟಿಗೂ ಹೀಗೆಯೇ. ಕರೆಂಟಿನ ಒತ್ತಡಕ್ಕೆ ವೋಲ್ಟೇಜು ಎಂದು ಹೆಸರು. ಅದನ್ನು ವೋಲ್ಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಕಡಿಮೆ ವೋಲ್ಟಿನಲ್ಲಿ ಕರೆಂಟು ಕಳಿಸುವುದೆಂದರೆ ನಾಣ್ಯದ ಚೀಲ ಹೊತ್ತ ಹಾಗೆ. ತಂತಿಗೆ ಹೊರೆ ಹೆಚ್ಚು. ತಂತಿ ಬಿಸಿಯಾಗುತ್ತದೆ. ಕರೆಂಟಿನ ಒಂದು ಪಾಲು ಬಿಸಿಯಾಗಿ ದಾರಿಯಲ್ಲೇ ಸೋರಿಹೋಗುತ್ತದೆ. ಹೆಚ್ಚು ವೋಲ್ಟಿನಲ್ಲಿ ಕಳಿಸುವುದೆಂದರೆ ನೋಟು ಒಯ್ದ ಹಾಗೆ. ಸೋರಿಕೆ ಬಹಳ ಕಡಿಮೆ. ವೋಲ್ಟನ್ನು 10 ಪಟ್ಟು ಏರಿಸಿದರೆ, ಅದೇ ತಂತಿಯಲ್ಲಿ ಸೋರಿಕೆ 100 ಪಾಲಿನಲ್ಲಿ 1 ಪಾಲಿಗೆ ಇಳಿಯುತ್ತದೆ.

ಅದಕ್ಕೇ ವಿದ್ಯುದಾಗಾರದ ಬಾಗಿಲಲ್ಲೇ ವೋಲ್ಟೇಜನ್ನು ಏರಿಸುತ್ತಾರೆ. 2 ಲಕ್ಷ 20 ಸಾವಿರ ವೋಲ್ಟಿಗೆ ಏರಿಸುತ್ತಾರೆ. ಇನ್ನೂ ದೂರಕ್ಕಾದರೆ 4 ಲಕ್ಷ ವೋಲ್ಟಿಗೂ ಏರಿಸುತ್ತಾರೆ. ಆಮೇಲೆ ಎತ್ತರದ ಕಬ್ಬಿಣದ ಗೋಪುರಗಳ ಮೇಲೆ ತಂತಿ ಎಳೆದು ಕಳಿಸುತ್ತಾರೆ.

ಆದರೆ ಬಸ್ಸಿನಲ್ಲಿ 10 ರೂಪಾಯಿ ಟಿಕೇಟಿಗೆ 500ರ ನೋಟು ಕೊಟ್ಟರೆ ಕಂಡಕ್ಟರ್ ಏನು ಹೇಳುತ್ತಾರೆ? "ಚಿಲ್ಲರೆ ಕೊಡಿ" ಎನ್ನುತ್ತಾರೆ. ನಮ್ಮ ಮನೆಯ ದೀಪವೂ ಹಾಗೆಯೇ. ಅದಕ್ಕೆ ಬೇಕಾದದ್ದು ಬರೀ 230 ವೋಲ್ಟ್. ಲಕ್ಷ ವೋಲ್ಟ್ ಬಂದರೆ ಬಲ್ಬು ಮಾತ್ರ ಅಲ್ಲ, ಮನೆಯೇ ಉಳಿಯುವುದಿಲ್ಲ.

ಹಾಗಾದರೆ ನೋಟು ಮುರಿದು ಚಿಲ್ಲರೆ ಮಾಡುವ ಜಾಗ ಬೇಕು. ಆ ಜಾಗವೇ ಸಬ್ ಸ್ಟೇಷನ್.

ಇದು ಹೊಸ ಉಪಾಯವಲ್ಲ. ನಮ್ಮ ರಾಜ್ಯದಲ್ಲೇ 1902ರಲ್ಲಿ ಇದನ್ನು ಮಾಡಿ ತೋರಿಸಿದ್ದರು. ಕಾವೇರಿಯ ಶಿವನಸಮುದ್ರದಲ್ಲಿ ಕರೆಂಟು ಮಾಡಿದರು. ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಒಯ್ದರು. ಆಗಲೂ ಸಾವಿರಾರು ವೋಲ್ಟಿಗೆ ಏರಿಸಿಯೇ ಕಳಿಸಿದರು. ಗಣಿಯ ಹತ್ತಿರ ಇಳಿಸಿಕೊಂಡರು. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು ಅದರ ನಂತರ, 1905ರಲ್ಲಿ.

ಇಳಿಯುವ ಮೆಟ್ಟಿಲುಗಳು

ಲಕ್ಷ ವೋಲ್ಟಿನಿಂದ 230 ವೋಲ್ಟಿಗೆ ಒಂದೇ ಸಲ ಇಳಿಸುವುದಿಲ್ಲ. ಅಟ್ಟದಿಂದ ಒಮ್ಮೆಗೇ ಹಾರಿದರೆ ಕಾಲು ಮುರಿಯುತ್ತದೆ. ಏಣಿಯ ಮೆಟ್ಟಿಲಿನಲ್ಲಿ ಇಳಿಯಬೇಕು. ಕರೆಂಟೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಮೊದಲ ಮೆಟ್ಟಿಲು: 2 ಲಕ್ಷ 20 ಸಾವಿರ ವೋಲ್ಟಿನಿಂದ 1 ಲಕ್ಷ 10 ಸಾವಿರ ವೋಲ್ಟಿಗೆ. ಇದು ದೊಡ್ಡ ಸಬ್ ಸ್ಟೇಷನ್ನಿನ ಕೆಲಸ. ನಮ್ಮ ಉಡುಪಿ ಜಿಲ್ಲೆಯಲ್ಲಿ ಕಾರ್ಕಳದ ಕಡೆ ಕೇಮಾರಿನಲ್ಲಿ ಅಂಥದ್ದು ಒಂದಿದೆ.

ಎರಡನೇ ಮೆಟ್ಟಿಲು: 1 ಲಕ್ಷ 10 ಸಾವಿರದಿಂದ 11 ಸಾವಿರ ವೋಲ್ಟಿಗೆ. ಕುಂದಾಪುರದಲ್ಲಿ ಇಂಥ ಸಬ್ ಸ್ಟೇಷನ್ ಇದೆ. ಕೆಲವು ಕಡೆ ನಡುವೆ 33 ಸಾವಿರ ವೋಲ್ಟಿನ ಒಂದು ಮೆಟ್ಟಿಲೂ ಇರುತ್ತದೆ.

ಮೂರನೇ ಮೆಟ್ಟಿಲು: 11 ಸಾವಿರದಿಂದ ಮನೆಯ 230 ವೋಲ್ಟಿಗೆ. ಇದು ಎಲ್ಲಿ ಆಗುತ್ತದೆ ಗೊತ್ತೇ? ನಿಮ್ಮ ಕೇರಿಯಲ್ಲೇ. ಎರಡು ಕಂಬದ ನಡುವೆ ಬೂದು ಬಣ್ಣದ ಒಂದು ಪೆಟ್ಟಿಗೆ ಇರುತ್ತದಲ್ಲ? ಅದೇ ಟ್ರಾನ್ಸ್‌ಫಾರ್ಮರ್. ಲೈನ್‌ಮ್ಯಾನ್‌ಗಳು ಅದನ್ನು ಟಿ.ಸಿ. ಎನ್ನುತ್ತಾರೆ.

ಸಬ್ ಸ್ಟೇಷನ್ನಿನಿಂದ ಊರುಗಳ ಕಡೆಗೆ ಹೊರಡುವ 11 ಸಾವಿರ ವೋಲ್ಟಿನ ಒಂದೊಂದು ಲೈನಿಗೆ ಫೀಡರ್ ಎಂದು ಹೆಸರು. ಮರದ ಕಾಂಡದಿಂದ ಕೊಂಬೆ ಹೊರಟ ಹಾಗೆ ಒಂದು ಸಬ್ ಸ್ಟೇಷನ್ನಿನಿಂದ ಹಲವು ಫೀಡರ್ ಹೊರಡುತ್ತವೆ. ಒಂದು ಫೀಡರಿನಲ್ಲಿ ಹಲವು ಊರು. ಒಂದು ಊರಿನಲ್ಲಿ ಹಲವು ಟ್ರಾನ್ಸ್‌ಫಾರ್ಮರ್. ಒಂದು ಟ್ರಾನ್ಸ್‌ಫಾರ್ಮರಿನಿಂದ ಹಲವು ಮನೆ.

ದೊಡ್ಡ ಲೈನುಗಳನ್ನೂ ದೊಡ್ಡ ಸಬ್ ಸ್ಟೇಷನ್ನುಗಳನ್ನೂ ನೋಡಿಕೊಳ್ಳುವುದು ಕೆ.ಪಿ.ಟಿ.ಸಿ.ಎಲ್. ಎಂಬ ಸಂಸ್ಥೆ. ಊರಿನ ಲೈನು, ಟ್ರಾನ್ಸ್‌ಫಾರ್ಮರು, ಮೀಟರು, ಬಿಲ್ಲು ನೋಡಿಕೊಳ್ಳುವುದು ಮೆಸ್ಕಾಂ. ಮೊದಲು ಎಲ್ಲವೂ ಒಂದೇ ಆಗಿತ್ತು, ಕೆ.ಇ.ಬಿ. ಎಂದು. 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು. 2002ರಲ್ಲಿ ಮೆಸ್ಕಾಂ ಆಯಿತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ "ಕೆ.ಇ.ಬಿ.ಯವರು" ಎಂದೇ ಇದೆ!

ಬೇಲಿಯ ಒಳಗೆ ಏನಿದೆ?

ಸಬ್ ಸ್ಟೇಷನ್ನಿನ ಸುತ್ತ ಎತ್ತರದ ಬೇಲಿ ಇರುತ್ತದೆ. "ಅಪಾಯ" ಎಂಬ ಬೋರ್ಡು ಇರುತ್ತದೆ. ತಲೆಬುರುಡೆಯ ಚಿತ್ರವೂ ಇರುತ್ತದೆ. ಒಳಗೆ ಹೋಗುವಂತಿಲ್ಲ. ಹೊರಗೆ ನಿಂತೇ ತಿಳಿದುಕೊಳ್ಳೋಣ.

ಮೊದಲು ಕಾಣುವುದು ದೊಡ್ಡ ಟ್ರಾನ್ಸ್‌ಫಾರ್ಮರ್. ಒಂದು ಸಣ್ಣ ಕೋಣೆಯಷ್ಟು ದೊಡ್ಡದು. ಅದರ ಒಳಗೆ ಕಬ್ಬಿಣದ ಚೌಕಟ್ಟು ಇದೆ. ಅದಕ್ಕೆ ತಾಮ್ರದ ತಂತಿಯ ಎರಡು ಸುರುಳಿ. ಒಂದಕ್ಕೆ ಹೆಚ್ಚು ಸುತ್ತು, ಇನ್ನೊಂದಕ್ಕೆ ಕಡಿಮೆ ಸುತ್ತು. ಎರಡು ಸುರುಳಿಗೂ ನಡುವೆ ತಂತಿಯ ಸಂಬಂಧವಿಲ್ಲ. ಆದರೂ ಒಂದರಲ್ಲಿ ಕರೆಂಟು ಹರಿದರೆ ಅಯಸ್ಕಾಂತದ ಶಕ್ತಿಯಿಂದ ಇನ್ನೊಂದರಲ್ಲೂ ಕರೆಂಟು ಹುಟ್ಟುತ್ತದೆ. ಹತ್ತು ಸುತ್ತಿಗೆ ಒಂದು ಸುತ್ತಿನ ಲೆಕ್ಕವಿದ್ದರೆ 1 ಲಕ್ಷ 10 ಸಾವಿರ ವೋಲ್ಟ್ 11 ಸಾವಿರಕ್ಕೆ ಇಳಿಯುತ್ತದೆ. ಲೆಕ್ಕ ಇಷ್ಟೇ.

ಟ್ರಾನ್ಸ್‌ಫಾರ್ಮರಿನ ತುಂಬ ಎಣ್ಣೆ ಇರುತ್ತದೆ. ಇದು ಅಡಿಗೆಯ ಎಣ್ಣೆಯಲ್ಲ. ಸುರುಳಿಗಳ ಬಿಸಿಯನ್ನು ಹೀರಿ ತಂಪು ಮಾಡಲು ಬೇರೆಯೇ ಎಣ್ಣೆ. ಪಕ್ಕದಲ್ಲಿ ರೆಕ್ಕೆಯಂಥ ಕೊಳವೆಗಳಿರುತ್ತವೆ. ಬಿಸಿ ಎಣ್ಣೆ ಅಲ್ಲಿ ಹರಿದು ಗಾಳಿಗೆ ತಂಪಾಗುತ್ತದೆ. ಹತ್ತಿರ ಹೋದರೆ "ಗುಂಯ್" ಎಂಬ ಸದ್ದು ಕೇಳುತ್ತದೆ. ಅದು ಕೆಲಸ ಮಾಡುತ್ತಿರುವ ಸದ್ದು.

ಎರಡನೆಯದು ಬ್ರೇಕರ್. ಇದು ಸಬ್ ಸ್ಟೇಷನ್ನಿನ ಕಾವಲುಗಾರ. ಲೈನಿನಲ್ಲಿ ಎಲ್ಲಾದರೂ ತಪ್ಪಾದರೆ ಕರೆಂಟು ಒಮ್ಮೆಗೇ ಜೋರಾಗಿ ನುಗ್ಗುತ್ತದೆ. ಬ್ರೇಕರ್ ಅದನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಡಿದು ಹಾಕುತ್ತದೆ. ಇದಕ್ಕೇ "ಲೈನು ಟ್ರಿಪ್ ಆಯಿತು" ಎನ್ನುವುದು.

ಮೂರನೆಯದು ಸಿಡಿಲು ತಡೆ. ಸಿಡಿಲು ಲೈನಿಗೆ ಬಡಿದರೆ ಅದನ್ನು ನೆಲಕ್ಕೆ ಇಳಿಸಿಬಿಡುತ್ತದೆ.

ನಾಲ್ಕನೆಯದು ಪಿಂಗಾಣಿಯ ಬಿಲ್ಲೆಗಳು. ತಟ್ಟೆ ಜೋಡಿಸಿದ ಹಾಗೆ ಕಾಣುತ್ತವೆ. ತಂತಿಯ ಕರೆಂಟು ಕಬ್ಬಿಣದ ಕಂಬಕ್ಕೆ ಹರಿಯದ ಹಾಗೆ ಇವು ತಡೆಯುತ್ತವೆ. ನಮ್ಮ ಕರಾವಳಿಯಲ್ಲಿ ಇವುಗಳಿಗೆ ಒಂದು ಕಷ್ಟವಿದೆ. ಅದು ಉಪ್ಪಿನ ಗಾಳಿ. ಕಡಲಿನ ಗಾಳಿ ಬಿಲ್ಲೆಯ ಮೇಲೆ ಉಪ್ಪನ್ನು ಕೂರಿಸುತ್ತದೆ. ಒಣಗಿದಾಗ ತೊಂದರೆಯಿಲ್ಲ. ಇಬ್ಬನಿಯೋ ತುಂತುರು ಮಳೆಯೋ ಬಿದ್ದರೆ ಉಪ್ಪು ಒದ್ದೆಯಾಗುತ್ತದೆ. ಒದ್ದೆ ಉಪ್ಪಿನ ಮೇಲೆ ಕರೆಂಟು ಹರಿಯುತ್ತದೆ. ಆಗ ಕಿಡಿ ಹಾರುತ್ತದೆ. ಲೈನು ಟ್ರಿಪ್ ಆಗುತ್ತದೆ. ಜೋರು ಮಳೆ ಬಂದರೆ ಉಪ್ಪು ತೊಳೆದು ಹೋಗುತ್ತದೆ. "ಇಷ್ಟೇ ಹನಿ ಮಳೆಗೆ ಕರೆಂಟ್ ಹೋಯ್ತ್ ಕಾಣಿ" ಎನ್ನುತ್ತೇವಲ್ಲ? ಅದಕ್ಕೆ ಇದೂ ಒಂದು ಕಾರಣ.

ನೆಲದ ಮೇಲೆ ಜಲ್ಲಿ ಕಲ್ಲು ಹಾಸಿರುತ್ತಾರೆ. ಚಂದಕ್ಕೆ ಅಲ್ಲ. ಜಲ್ಲಿಯ ಮೇಲೆ ನೀರು ನಿಲ್ಲುವುದಿಲ್ಲ, ಹುಲ್ಲು ಬೆಳೆಯುವುದಿಲ್ಲ. ತಪ್ಪಿ ನೆಲಕ್ಕೆ ಕರೆಂಟು ಹರಿದರೂ ಅಲ್ಲಿ ನಿಂತವರ ಕಾಲಿಗೆ ಸುಲಭಕ್ಕೆ ತಾಗುವುದಿಲ್ಲ.

ಪಕ್ಕದ ಕೋಣೆಯಲ್ಲಿ ಆಪರೇಟರ್ ಇರುತ್ತಾರೆ. ಹಗಲು ಇರಲಿ, ರಾತ್ರಿ ಇರಲಿ, ಪಾಳಿಯಲ್ಲಿ ಒಬ್ಬರು ಇರಲೇಬೇಕು. ಹಬ್ಬಕ್ಕೂ ರಜೆಯಿಲ್ಲ. ಯಾವ ಫೀಡರಿಗೆ ಎಷ್ಟು ಕರೆಂಟು ಹೋಯಿತು, ಯಾವಾಗ ಟ್ರಿಪ್ ಆಯಿತು, ಎಲ್ಲವನ್ನೂ ಬರೆದಿಡುತ್ತಾರೆ.

ಎಲ್ಲರೂ ಸೇರಿ ಎಳೆಯುವ ಬಲೆ

ಈಗ ನಮ್ಮ ಪ್ರಶ್ನೆಗೆ ಬರೋಣ. ವಾರಾಹಿಯ ಕರೆಂಟು ನೇರವಾಗಿ ತ್ರಾಸಿಗೆ ಬರುತ್ತದೆಯೇ?

ಇಲ್ಲ. ವಾರಾಹಿಯಿಂದ ತ್ರಾಸಿಗೇ ಎಂದು ಬೇರೆ ತಂತಿ ಇಲ್ಲ. ವಾರಾಹಿಯ ಕರೆಂಟು ಒಂದು ದೊಡ್ಡ ಜಾಲಕ್ಕೆ ಸೇರುತ್ತದೆ. ಆ ಜಾಲಕ್ಕೆ ಗ್ರಿಡ್ ಎಂದು ಹೆಸರು. ಜೋಗದ ಹತ್ತಿರದ ಶರಾವತಿಯ 1035 ಮೆಗಾವ್ಯಾಟೂ ಅಲ್ಲಿಗೇ ಬರುತ್ತದೆ. ಕೈಗಾದ ಅಣು ವಿದ್ಯುತ್ತೂ ಅಲ್ಲಿಗೇ. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ ಮಾಡುವ ಕರೆಂಟೂ ಅಲ್ಲಿಗೇ. ರಾಯಚೂರಿನ ಕಲ್ಲಿದ್ದಲು, ಪಾವಗಡದ ಬಿಸಿಲು, ಎಲ್ಲವೂ ಅಲ್ಲಿಗೇ ಸೇರುತ್ತವೆ. ಐದು ಹೊಳೆ ಕೂಡಿದ ಮೇಲೆ ಇದು ವಾರಾಹಿಯ ನೀರು, ಇದು ಸೌಪರ್ಣಿಕಾದ ನೀರು ಎಂದು ಬೇರೆ ಮಾಡಲು ಆಗುತ್ತದೆಯೇ? ಗ್ರಿಡ್ಡಿನ ಕರೆಂಟೂ ಹಾಗೆಯೇ.

ಈ ಜಾಲದಲ್ಲಿ ದಾರಗಳು ಕೂಡುವ ಗಂಟುಗಳೇ ಸಬ್ ಸ್ಟೇಷನ್ನುಗಳು. ಬಲೆಯ ಗಂಟು ಗಟ್ಟಿ ಇದ್ದರೆ ಬಲೆ ಗಟ್ಟಿ. ಒಂದು ಲೈನು ಕೆಟ್ಟರೆ ಸಬ್ ಸ್ಟೇಷನ್ನಿನಲ್ಲಿ ಬೇರೆ ಲೈನಿಗೆ ಬದಲಾಯಿಸಬಹುದು. ಮಳೆ ಕಡಿಮೆಯಾಗಿ ಅಣೆಕಟ್ಟು ಬರಿದಾದರೆ ಕಲ್ಲಿದ್ದಲಿನ ಕರೆಂಟು ತರಿಸಬಹುದು. ಕೂಡಿ ಬಾಳಿದರೆ ಇರುವ ಅನುಕೂಲವೇ ಇದು.

ಆದರೆ ಒಂದು ವಿಷಯ ಗೊತ್ತಿರಲಿ. ಅಕ್ಕಿಯನ್ನು ಡಬ್ಬಿಯಲ್ಲಿ ತುಂಬಿಡಬಹುದು. ಕರೆಂಟನ್ನು ತಂತಿಯಲ್ಲಿ ತುಂಬಿಡಲು ಆಗುವುದಿಲ್ಲ. ಈ ಗಳಿಗೆಯಲ್ಲಿ ಊರಿಗೆಲ್ಲ ಎಷ್ಟು ಬೇಕೋ ಅಷ್ಟನ್ನು ಈ ಗಳಿಗೆಯಲ್ಲೇ ಮಾಡಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ನಮ್ಮ ಕಡಲ ತಡಿಯಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದ್ದೀರಿ. ಎರಡು ಕಡೆ ಜನ ನಿಂತು ಹಗ್ಗ ಹಿಡಿಯುತ್ತಾರೆ. ಎಲ್ಲರೂ ಒಂದೇ ತಾಳದಲ್ಲಿ ಎಳೆಯಬೇಕು. ಒಬ್ಬರು ಕೈ ಬಿಟ್ಟರೆ ಉಳಿದವರು ಹೇಗೋ ತಡೆದುಕೊಳ್ಳುತ್ತಾರೆ. ಹತ್ತು ಜನ ಒಟ್ಟಿಗೆ ಕೈ ಬಿಟ್ಟರೆ? ಉಳಿದವರೂ ಮುಗ್ಗರಿಸುತ್ತಾರೆ. ಗ್ರಿಡ್ಡಿನಲ್ಲಿಯೂ ಎಲ್ಲ ಜನರೇಟರುಗಳು ಒಂದೇ ತಾಳದಲ್ಲಿ ನಡೆಯಬೇಕು. ಆ ತಾಳ ಸೆಕೆಂಡಿಗೆ 50. ಕರೆಂಟು ಸಾಲದೆ ಹೋದರೆ ತಾಳ ನಿಧಾನವಾಗುತ್ತದೆ. ಹೆಚ್ಚಾದರೆ ತಾಳ ಜೋರಾಗುತ್ತದೆ.

ಈ ತಾಳವನ್ನು ಕಾಯಲು ಬೆಂಗಳೂರಿನಲ್ಲಿ ಒಂದು ಕಚೇರಿಯಿದೆ. ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಎಂದು ಅದರ ಹೆಸರು. ಸಂಜೆ ಎಲ್ಲ ಮನೆಯಲ್ಲೂ ದೀಪ, ಮಿಕ್ಸಿ, ಟಿ.ವಿ. ಒಟ್ಟಿಗೆ ಶುರುವಾಗುತ್ತವೆ. ಆಗ "ನೀರಿನ ಯಂತ್ರ ಶುರು ಮಾಡಿ" ಎಂದು ಅಲ್ಲಿಂದ ಹೇಳಿಕೆ ಹೋಗುತ್ತದೆ. ಕಲ್ಲಿದ್ದಲಿನ ಯಂತ್ರ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ನೀರಿನ ಯಂತ್ರ ಕೆಲವೇ ನಿಮಿಷದಲ್ಲಿ ತಿರುಗುತ್ತದೆ. ಅದಕ್ಕೇ ವಾರಾಹಿಯಂಥ ಕಡೆ ನೀರನ್ನು ಉಳಿಸಿಟ್ಟುಕೊಂಡು ಬೇಕಾದಾಗ ಬಿಡುತ್ತಾರೆ. ಏನು ಮಾಡಿದರೂ ಕರೆಂಟು ಸಾಲದಿದ್ದರೆ ಕೆಲವು ಫೀಡರುಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಸಬ್ ಸ್ಟೇಷನ್ನಿಗೆ ಹೇಳುತ್ತಾರೆ. ಇದೇ ಲೋಡ್ ಶೆಡ್ಡಿಂಗ್.

ತಾಳ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಒಮ್ಮೆ ಕಂಡಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಒಂದು ದೊಡ್ಡ ಲೈನಿನ ಮೇಲೆ ಹೊರೆ ಹೆಚ್ಚಾಯಿತು. ಅದು ಟ್ರಿಪ್ ಆಯಿತು. ಅದರ ಹೊರೆ ಬೇರೆ ಲೈನುಗಳ ಮೇಲೆ ಬಿತ್ತು. ಅವೂ ಒಂದರ ಹಿಂದೆ ಒಂದು ಬಿಟ್ಟುಕೊಂಡವು. ಎರಡನೇ ದಿನ ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ರೈಲುಗಳು ನಡುದಾರಿಯಲ್ಲಿ ನಿಂತವು. ಆಗ ದಕ್ಷಿಣದ ಗ್ರಿಡ್ ಬೇರೆ ತಾಳದಲ್ಲಿತ್ತು. ಹಾಗಾಗಿ ನಮಗೆ ಬಿಸಿ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ 7 ಲಕ್ಷ 65 ಸಾವಿರ ವೋಲ್ಟಿನ ಲೈನು ಕೂಡಿಸಿದರು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಗ್ರಿಡ್, ಒಂದೇ ತಾಳ.

ಹಾಗಾದರೆ ದೀಪ ಯಾಕೆ ಆರುತ್ತದೆ?

ಈಗ ನೀವೇ ಉತ್ತರ ಹೇಳಬಹುದು. ವಾರಾಹಿಯಲ್ಲಿ ಕರೆಂಟು ಎಷ್ಟೇ ಇರಲಿ. ದೊಡ್ಡ ಲೈನು, ಸಬ್ ಸ್ಟೇಷನ್, ಫೀಡರ್, ಟ್ರಾನ್ಸ್‌ಫಾರ್ಮರ್, ಮನೆಯ ತಂತಿ ಎಲ್ಲವೂ ಸರಿಯಿದ್ದರೆ ಮಾತ್ರ ದೀಪ ಹತ್ತುತ್ತದೆ. ಸರಪಳಿಯ ಒಂದು ಕೊಂಡಿ ಕಳಚಿದರೂ ಕತ್ತಲು.

ನಿಮ್ಮ ಮನೆಗೆ ಮಾತ್ರ ಕರೆಂಟಿಲ್ಲವೇ? ತೊಂದರೆ ನಿಮ್ಮ ಮನೆಯ ವಯರಿನಲ್ಲೋ ಕಂಬದ ಹತ್ತಿರವೋ ಇದೆ.

ನಿಮ್ಮ ಕೇರಿಗೆ ಮಾತ್ರ ಇಲ್ಲವೇ? ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋಗಿರಬಹುದು.

ಸುತ್ತಲಿನ ಊರುಗಳಿಗೂ ಇಲ್ಲವೇ? ಫೀಡರ್ ಟ್ರಿಪ್ ಆಗಿರಬಹುದು.

ಕುಂದಾಪುರ ಪೇಟೆಗೂ ಇಲ್ಲವೇ? ಸಬ್ ಸ್ಟೇಷನ್ನಿನಲ್ಲೋ ಅದಕ್ಕೂ ಹಿಂದಿನ ದೊಡ್ಡ ಲೈನಿನಲ್ಲೋ ತೊಂದರೆ ಇರಬಹುದು.

ನಮ್ಮ ಕಡೆ ಮಳೆಗಾಲದಲ್ಲಿ ಹೆಚ್ಚು ಆಗುವುದು ಫೀಡರಿನ ತೊಂದರೆ. ತೆಂಗಿನ ಮಡಲು ತಂತಿಯ ಮೇಲೆ ಬೀಳುತ್ತದೆ. ಗಾಳಿಗೆ ಮರ ಮುರಿಯುತ್ತದೆ. ಬ್ರೇಕರ್ ಕೂಡಲೇ ಕರೆಂಟು ಕಡಿಯುತ್ತದೆ. ನಾವು ಬೈಯುತ್ತೇವೆ. ಆದರೆ ಅದು ಕಡಿಯದಿದ್ದರೆ ಆ ತಂತಿಯ ಕೆಳಗೆ ನಡೆದವರ ಗತಿ ಏನು? ಎಷ್ಟೋ ಸಲ ಕರೆಂಟು ಹೋದದ್ದರಿಂದಲೇ ಜೀವ ಉಳಿದಿರುತ್ತದೆ.

ಮರಳಿನ ಮೇಲೆ ಬಿದ್ದ ತಂತಿ

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನಿಧಾನವಾಗಿ ಓದಿ. ಮನೆಯವರಿಗೂ ಓದಿ ಹೇಳಿ.

ತಂತಿ ತುಂಡಾಗಿ ನೆಲಕ್ಕೆ ಬಿದ್ದರೆ ಬ್ರೇಕರ್ ಯಾವಾಗಲೂ ಕರೆಂಟು ಕಡಿಯುತ್ತದೆ ಎಂದು ನಂಬಬೇಡಿ. ಒದ್ದೆ ಮಣ್ಣಿನ ಮೇಲೆ ಬಿದ್ದರೆ ಕರೆಂಟು ಜೋರಾಗಿ ನೆಲಕ್ಕೆ ಹರಿಯುತ್ತದೆ. ಬ್ರೇಕರಿಗೆ ಗೊತ್ತಾಗುತ್ತದೆ. ಒಣ ಮರಳಿನ ಮೇಲೋ ಕಲ್ಲಿನ ಮೇಲೋ ಬಿದ್ದರೆ ಕರೆಂಟು ಸ್ವಲ್ಪವೇ ಹರಿಯುತ್ತದೆ. ಸಬ್ ಸ್ಟೇಷನ್ನಿಗೆ ಅದು ಯಾರೋ ಪಂಪು ಹಾಕಿದಷ್ಟೇ ಅನ್ನಿಸಬಹುದು. ಬ್ರೇಕರ್ ಸುಮ್ಮನಿರಬಹುದು. ತಂತಿ ಸತ್ತ ಹಾವಿನ ಹಾಗೆ ಬಿದ್ದಿರುತ್ತದೆ. ಆದರೆ ಸತ್ತಿರುವುದಿಲ್ಲ.

ಕಾವಲುಗಾರನಿಗೆ ಕಾಣದ್ದು ನಿಮಗೆ ಕಾಣಬಹುದು. ಆಗ ನೀವೇ ಕಾವಲುಗಾರರು. ಹೀಗೆ ಮಾಡಿ.

* ಬಿದ್ದ ತಂತಿಯಿಂದ ಕಡಿಮೆಯೆಂದರೆ 30 ಅಡಿ ದೂರ ಇರಿ. ಮಕ್ಕಳನ್ನೂ ದನಗಳನ್ನೂ ದೂರ ಇಡಿ.
* ಕೋಲಿನಿಂದಲೂ ತಂತಿಯನ್ನು ಸರಿಸಬೇಡಿ. 11 ಸಾವಿರ ವೋಲ್ಟಿಗೆ ಒದ್ದೆ ಕೋಲೂ ದಾರಿಯೇ.
* ನೀವು ತಂತಿಯ ಹತ್ತಿರವೇ ಇದ್ದರೆ ಓಡಬೇಡಿ. ದೊಡ್ಡ ಹೆಜ್ಜೆ ಹಾಕಬೇಡಿ. ಎರಡು ಪಾದ ಜೋಡಿಸಿ, ನೆಲದಿಂದ ಎತ್ತದೆ, ಜಾರಿಸುತ್ತ ದೂರ ಬನ್ನಿ. ಪಾದಗಳ ನಡುವೆ ಅಂತರ ಹೆಚ್ಚಾದಷ್ಟೂ ಕರೆಂಟು ಮೈಯಲ್ಲಿ ಹರಿಯುವ ಭಯ ಹೆಚ್ಚು.
* ಯಾರಿಗಾದರೂ ಕರೆಂಟು ಹೊಡೆದಿದ್ದರೆ ಕೈಯಿಂದ ಮುಟ್ಟಬೇಡಿ. ಮನೆಯೊಳಗಾದರೆ ಮೊದಲು ಮೇನ್ ಸ್ವಿಚ್ಚು ತೆಗೆಯಿರಿ. ಹೊರಗಿನ ಲೈನಾದರೆ ಅದನ್ನು ನಿಲ್ಲಿಸಿದ್ದಾರೆ ಎಂದು ಖಾತ್ರಿಯಾಗುವವರೆಗೆ ಹತ್ತಿರ ಹೋಗಬೇಡಿ.
* 1912 ನಂಬರಿಗೆ ಫೋನ್ ಮಾಡಿ. ಇದು ಕರೆಂಟಿನ ದೂರು ಹೇಳುವ ನಂಬರು. ಊರು, ಹತ್ತಿರದ ಮನೆ ಅಥವಾ ಶಾಲೆ, ಕಂಬದ ಮೇಲೆ ನಂಬರು ಇದ್ದರೆ ಆ ನಂಬರು ಹೇಳಿ. ಅವರು ಸಬ್ ಸ್ಟೇಷನ್ನಿಗೆ ತಿಳಿಸಿ ಫೀಡರನ್ನೇ ನಿಲ್ಲಿಸುತ್ತಾರೆ.

ಬಟ್ಟೆ ಒಣಗಿಸುವ ವಿಷಯವೂ ಇದೇ. ಕಬ್ಬಿಣದ ತಂತಿಯನ್ನು ಕರೆಂಟಿನ ಕಂಬಕ್ಕೋ ಅದರ ಸ್ಟೇ ತಂತಿಗೋ ಕಟ್ಟಬೇಡಿ. ನೈಲಾನ್ ಹಗ್ಗ ಕಟ್ಟಿ. ನಮ್ಮ ಕಡೆ ಬಲೆಯ ಹಗ್ಗಕ್ಕೆ ಬರವೇ?

ಕರೆಂಟು ಹೋದಾಗ ಕಂಬ ಹತ್ತುವ ಲೈನ್‌ಮ್ಯಾನ್‌ನ ಜೀವವೂ ನಮ್ಮ ಕೈಯಲ್ಲಿದೆ. ಈಗ ಅವರನ್ನು ಪವರ್‌ಮ್ಯಾನ್ ಎನ್ನುತ್ತಾರೆ. ಜನರೇಟರನ್ನು ಮನೆಯ ಲೈನಿಗೆ ತಪ್ಪಾಗಿ ಕೂಡಿಸಿದರೆ ಕರೆಂಟು ಹಿಂದಕ್ಕೆ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಮತ್ತೆ ಸಾವಿರಾರು ವೋಲ್ಟಿಗೆ ಏರುತ್ತದೆ. ನಿಲ್ಲಿಸಿದ ಲೈನು ಎಂದು ನಂಬಿ ಹತ್ತಿದವರು ಸಾಯಬಹುದು. ಜನರೇಟರ್ ಇರುವ ಮನೆಯವರು ತಿಳಿದ ಕೆಲಸಗಾರರಿಂದಲೇ ಕೂಡಿಸಬೇಕು.

ಓದು ಬಂದವರಿಗೆ ಕರೆಂಟೂ ತಿಳಿಯುತ್ತದೆ

ಪೇಪರಿನಲ್ಲಿ "ವಿದ್ಯುತ್ ವ್ಯತ್ಯಯ" ಎಂಬ ಸುದ್ದಿ ಬರುತ್ತದೆ. ಅದು ಸಾಮಾನ್ಯವಾಗಿ ಹೀಗಿರುತ್ತದೆ:

"110/11 ಕೆ.ವಿ. ಉಪಕೇಂದ್ರದಿಂದ ಹೊರಡುವ ಫೀಡರಿನಲ್ಲಿ ನಿರ್ವಹಣಾ ಕಾಮಗಾರಿ ಇರುವುದರಿಂದ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ವಿದ್ಯುತ್ ಸರಬರಾಜು ಇರುವುದಿಲ್ಲ."

ಮೊದಲು ಇದು ದೊಡ್ಡವರ ಭಾಷೆ ಅನ್ನಿಸುತ್ತಿತ್ತು. ಈಗ ಬಿಡಿಸಿ ಓದೋಣ. ಕೆ.ವಿ. ಎಂದರೆ ಸಾವಿರ ವೋಲ್ಟ್. 110/11 ಎಂದರೆ 1 ಲಕ್ಷ 10 ಸಾವಿರದಿಂದ 11 ಸಾವಿರಕ್ಕೆ ಇಳಿಸುವ ಸಬ್ ಸ್ಟೇಷನ್. ಫೀಡರ್ ಎಂದರೆ ನಮ್ಮೂರ ಕಡೆ ಬರುವ ಕೊಂಬೆ. ಕಾಮಗಾರಿ ಎಂದರೆ ಕೆಲಸ. ಸುದ್ದಿಯಲ್ಲಿ ನಿಮ್ಮ ಫೀಡರಿನ ಹೆಸರಿದೆಯೇ ನೋಡಿ. ಇದ್ದರೆ ಹಿಂದಿನ ದಿನವೇ ಟ್ಯಾಂಕಿಗೆ ನೀರು ತುಂಬಿಸಿ. ದೋಸೆ ಹಿಟ್ಟು ರುಬ್ಬಿಡಿ. ಮೊಬೈಲಿಗೆ ಚಾರ್ಜು ಮಾಡಿಡಿ.

ಕರೆಂಟಿನ ಬಿಲ್ಲನ್ನೂ ಓದಿ. ಅದರಲ್ಲಿ ಆರ್.ಆರ್. ನಂಬರು ಇರುತ್ತದೆ. ಅದು ನಿಮ್ಮ ಮನೆಯ ಮೀಟರಿನ ಗುರುತು. ದೂರು ಕೊಡುವಾಗ ಅದನ್ನು ಕೇಳುತ್ತಾರೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗೆ ಸೊನ್ನೆ ಬಿಲ್ಲು ಬಂತು. ಸೊನ್ನೆ ಎಂದು ಬಿಲ್ಲನ್ನು ಎಸೆಯಬೇಡಿ. ಎಷ್ಟು ಯೂನಿಟ್ ಆಯಿತು ನೋಡಿ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 1 ಗಂಟೆ ಬಿಸಿಯಾಗುತ್ತಲೇ ಇದ್ದರೆ 1 ಯೂನಿಟ್. 10 ವ್ಯಾಟಿನ ಬಲ್ಬು 100 ಗಂಟೆ ಉರಿದರೆ 1 ಯೂನಿಟ್.

ಕೇಳುವ ಹಕ್ಕು ನಮಗಿದೆ

ಕೆಲವು ಕೇರಿಗಳಲ್ಲಿ ಸಂಜೆಯಾದರೆ ಬಲ್ಬು ಮಿಣುಕು ಮಿಣುಕು ಎನ್ನುತ್ತದೆ. ಮಿಕ್ಸಿ ತಿರುಗುವುದಿಲ್ಲ. ಪಂಪು ನೀರೆತ್ತುವುದಿಲ್ಲ. ಇದು ಸಬ್ ಸ್ಟೇಷನ್ನಿನ ತಪ್ಪೇ ಆಗಬೇಕೆಂದಿಲ್ಲ. ಒಂದೇ ಟ್ರಾನ್ಸ್‌ಫಾರ್ಮರಿಗೆ ಮನೆಗಳು ಹೆಚ್ಚಾಗಿರಬಹುದು. ಅಥವಾ ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಮನೆ ಬಹಳ ದೂರ ಇರಬಹುದು. ಚಿಲ್ಲರೆಯ ಚೀಲ ಹೊತ್ತು ದೂರ ನಡೆದರೆ ದಾರಿಯಲ್ಲಿ ಸೋರುತ್ತದೆಯಲ್ಲ, ಹಾಗೆ.

ಇದಕ್ಕೆ ದಾರಿ ಇದೆ. ಇನ್ನೊಂದು ಟ್ರಾನ್ಸ್‌ಫಾರ್ಮರ್ ಹಾಕಲು ಕೇಳಬಹುದು. ಒಬ್ಬರೇ ಹೋಗಬೇಡಿ. ಕೇರಿಯ ಹೆಂಗಸರೆಲ್ಲ ಸೇರಿ ಒಂದು ಅರ್ಜಿ ಬರೆಯಿರಿ. ಎಷ್ಟು ಮನೆ, ಎಷ್ಟು ಗಂಟೆಗೆ ತೊಂದರೆ, ಎಷ್ಟು ದಿನದಿಂದ, ಎಲ್ಲವನ್ನೂ ಬರೆಯಿರಿ. ಹೆಬ್ಬೆಟ್ಟು ಬೇಡ, ಸಹಿ ಹಾಕಿ. ಮೆಸ್ಕಾಂ ಕಚೇರಿಗೆ ಕೊಡಿ. ಕೊಟ್ಟದ್ದಕ್ಕೆ ಗುರುತಾಗಿ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮೆಸ್ಕಾಂನವರು ಜನಸಂಪರ್ಕ ಸಭೆ ನಡೆಸುತ್ತಾರೆ. ಅಲ್ಲಿ ಹೋಗಿ ಕೇಳಿ. ಗ್ರಾಮಸಭೆಯಲ್ಲೂ ಹೇಳಿ.

"ಕರೆಂಟಿಲ್ಲ" ಎಂದು ಮಾತ್ರ ಹೇಳಿದರೆ "ಬರುತ್ತದೆ" ಎಂದು ಉತ್ತರ ಸಿಗುತ್ತದೆ. "ನಮ್ಮ ಟ್ರಾನ್ಸ್‌ಫಾರ್ಮರಿಗೆ ಹೊರೆ ಹೆಚ್ಚಾಗಿದೆ, ಸಂಜೆ 6ರಿಂದ 10ರವರೆಗೆ ವೋಲ್ಟೇಜು ಸಾಲುವುದಿಲ್ಲ" ಎಂದು ಹೇಳಿದರೆ? ಕೇಳುವವರು ತಲೆ ಎತ್ತಿ ನೋಡುತ್ತಾರೆ. ತಿಳಿದು ಕೇಳುವ ಮಾತಿಗೆ ತೂಕ ಹೆಚ್ಚು.

ಕೂಡಿ ಮಾತಾಡಿ

1. ನಿಮ್ಮ ಕೇರಿಯ ಟ್ರಾನ್ಸ್‌ಫಾರ್ಮರ್ ಎಲ್ಲಿದೆ? ಅದರಿಂದ ಎಷ್ಟು ಮನೆಗೆ ಕರೆಂಟು ಹೋಗುತ್ತದೆ?
2. ನಿಮ್ಮ ಊರಿಗೆ ಬರುವ ಫೀಡರಿನ ಹೆಸರೇನು? ಪವರ್‌ಮ್ಯಾನ್ ಬಂದಾಗ ಕೇಳಿ ತಿಳಿಯಿರಿ.
3. ದೂರದ ಊರಿಗೆ ಕರೆಂಟು ಕಳಿಸಲು ವೋಲ್ಟೇಜು ಏರಿಸುವುದು ಯಾಕೆ? ನೋಟು ಮತ್ತು ಚಿಲ್ಲರೆಯ ಉದಾಹರಣೆಯಿಂದ ಪಕ್ಕದ ಮನೆಯವರಿಗೆ ಹೇಳಿ.
4. ತಂತಿ ಬಿದ್ದಿರುವುದನ್ನು ಕಂಡರೆ ಮೊದಲು ಏನು ಮಾಡುತ್ತೀರಿ?

ಬರೆಯಿರಿ

ಒಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಕರೆಂಟಿನ ದೂರು 1912. ಅದರ ಕೆಳಗೆ ನಿಮ್ಮ ಮನೆಯ ಆರ್.ಆರ್. ನಂಬರು ಬರೆಯಿರಿ. ಮೀಟರಿನ ಹತ್ತಿರ ಗೋಡೆಗೆ ಅಂಟಿಸಿ. ಮಕ್ಕಳಿಗೂ ಅದನ್ನು ಓದಿಸಿ.